ನಲವತ್ತೊಂದನೇ ಪುಟದ ಪ್ಯಾರಾಗ್ರಾಫ್

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಪ್ರಾಂಶುಪಾಲರಾದ ಸುಪ್ರಜಾ ಅವರೇ, ನನ್ನನ್ನು ಇಷ್ಟು ವರ್ಷ ಸಹಿಸಿಕೊಂಡ ಸಹೋದ್ಯೋಗಿಗಳೇ, ಹಾಜರಿ ಸಿಗುತ್ತದೆಂದು ಬಂದು ಕುಳಿತಿರುವ ವಿದ್ಯಾರ್ಥಿಗಳೇ, ಸಭಿಕರೇ,

ಇಷ್ಟು ಭಾರದ ಹಾರ ಹಾಕಿದರೆ ನಿವೃತ್ತನಾಗುವವನು ಹೆಚ್ಚು ಹೊತ್ತು ನಿಲ್ಲಲಾರ ಎಂಬುದು ನಿಮ್ಮ ಉಪಾಯವಿರಬೇಕು. ಚಿಂತೆ ಬೇಡ, ನನಗೂ ದಣಿವಾಗಿದೆ. ಮೂವತ್ತಮೂರು ವರ್ಷ ಈ ಮಲ್ಲೇಶ್ವರದ ಕಾಲೇಜಿನಲ್ಲಿ ನಾನು ಕಲಿಸಿದ್ದು ಒಂದೇ ಸಂಗತಿ, ಇಂಗ್ಲಿಷಿನಲ್ಲಿ ಒಂದು ಪ್ಯಾರಾಗ್ರಾಫ್ ಬರೆಯುವುದು. ಮೊದಲ ವಾಕ್ಯದಲ್ಲೇ ವಿಷಯ ಹೇಳಿ. ಆಮೇಲೆ ಪುರಾವೆ ಕೊಡಿ. ಬೇರೆಯವರ ಮಾತಾಗಿದ್ದರೆ ಅವರ ಹೆಸರು ಹಾಕಿ. ಇಷ್ಟು ಕಲಿಸಲು ಮೂವತ್ತಮೂರು ವರ್ಷ ಬೇಕೇ ಎಂದು ನನ್ನ ಹೆಂಡತಿ ಕೇಳುತ್ತಾಳೆ. ಬೇಕು. ನಾವು ಹೆಣ್ಣು ಕೇಳಲು ಹೋದರೂ ಮೊದಲು ಮಳೆ ಬೆಳೆ ವಿಚಾರಿಸಿ, ಕಾಫಿ ಕುಡಿದು, ಹೊರಡಲು ಚಪ್ಪಲಿ ಮೆಟ್ಟುವಾಗ ವಿಷಯ ಎತ್ತುವವರು. ನಮ್ಮ ಮಕ್ಕಳಿಗೆ ಮೊದಲ ವಾಕ್ಯದಲ್ಲೇ ಹೇಳು ಎಂದರೆ ಎಲ್ಲಿಂದ ಬರಬೇಕು? ನನಗೇ ಬರುವುದಿಲ್ಲ. ಇವತ್ತು ಹೇಳಬೇಕಾದದ್ದನ್ನು ನೋಡಿ, ಇನ್ನೂ ಹೇಳಿಲ್ಲ.

ಪ್ರಾಂಶುಪಾಲರು ನನ್ನ ಅಭ್ಯಾಸ ಪುಸ್ತಕವನ್ನು ಹೊಗಳಿದರು. ಅದರ ಹೊಸ ಮುದ್ರಣ ಆ ತಟ್ಟೆಯಲ್ಲಿ ರಿಬ್ಬನ್ ಕಟ್ಟಿಸಿಕೊಂಡು ಬಿಡುಗಡೆಗೆ ಕಾಯುತ್ತಿದೆ. ನಲವತ್ತೊಂದನೇ ಪುಟದ ಮಾದರಿ ಪ್ಯಾರಾಗ್ರಾಫ್ ಬಹಳ ಚೆನ್ನಾಗಿದೆ ಎಂದರು. ಹೌದು, ಚೆನ್ನಾಗಿದೆ. ಗಿರಣಿ ಮುಚ್ಚಿದರೆ ಒಂದು ಬೀದಿಯ ಹೊತ್ತುಗೊತ್ತೇ ತಪ್ಪಿಹೋಗುತ್ತದೆ ಎಂಬುದು ಅದರ ವಿಷಯ.

ಹದಿನಾಲ್ಕು ವರ್ಷದ ಹಿಂದೆ ವಿಶಾಖಾ ಎಂಬ ವಿದ್ಯಾರ್ಥಿನಿ ಶ್ರೀರಾಂಪುರದಿಂದ ನಡೆದು ಬರುತ್ತಿದ್ದಳು. ಅವಳ ತಾತ ಲಕ್ಷ್ಮಯ್ಯನವರು ಬಿನ್ನಿಪೇಟೆಯ ಗಿರಣಿಯಲ್ಲಿ ಮಗ್ಗದ ಕೆಲಸದಲ್ಲಿದ್ದವರು. ಗಿರಣಿ ಮುಚ್ಚಿದ ಮೇಲೂ ಅದೇ ಹೊತ್ತಿಗೆ ಎದ್ದು, ಡಬ್ಬಿ ಕಟ್ಟಿಸಿಕೊಂಡು, ಗೇಟಿನವರೆಗೆ ಹೋಗಿ ಬರುತ್ತಿದ್ದರಂತೆ. ಅದನ್ನು ಅವಳು ಪ್ಯಾರಾಗ್ರಾಫ್ ಮಾಡಿ, 'ನಮ್ಮ ತಾತ ಹೇಳುತ್ತಾರೆ' ಎಂದು ಬರೆದಿದ್ದಳು. ನಾನು ಅದರ ಕೆಳಗೆ ಕೆಂಪು ಗೆರೆ ಎಳೆದು 'ಯಾರು ಹೇಳಿದ್ದು?' ಎಂದು ಬರೆದೆ. ತಾತನ ಮಾತು ಪುರಾವೆಯಲ್ಲ, ಅಚ್ಚಾದ ಪುಸ್ತಕದ ಹೆಸರು ಬೇಕು ಎಂಬುದು ನನ್ನ ನಿಯಮ. ಹತ್ತಕ್ಕೆ ಮೂರು ಅಂಕ ಕೊಟ್ಟೆ.

ಮಾರನೆಯ ದಿನ ಲಕ್ಷ್ಮಯ್ಯನವರೇ ಬಂದರು. ಇಸ್ತ್ರಿ ಮಾಡಿದ ಅಂಗಿ, ಪ್ಲಾಸ್ಟಿಕ್ ಕವರಿನಲ್ಲಿ ಗಿರಣಿಯ ಹಳೆಯ ಪಾಸು. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಸಾರ್, ಯಾರು ಹೇಳಿದ್ದು ಅಂತ ಕೇಳಿದ್ರಂತೆ. ನಾನೇ ಸಾರ್ ಹೇಳಿದ್ದು. ನೀವು ಕೇಳಿ, ಎಲ್ಲಾ ಹೇಳ್ತೀನಿ" ಎಂದರು. ಒಳಗಿದ್ದವರು ನಕ್ಕರು. ನಾನೂ ನಕ್ಕೆ. ಪಕ್ಕದಲ್ಲಿ ಮೂರು ಕುರ್ಚಿ ಖಾಲಿ ಇದ್ದವು. ಆದರೂ ಕ್ಲಾಸಿದೆ, ಹೊರಗಿನ ಬೆಂಚಿನ ಮೇಲೆ ಕೂತಿರಿ ಎಂದೆ. ನನಗೆ ಕ್ಲಾಸು ಇರಲಿಲ್ಲ. ಹಿಂದಿನ ಮೆಟ್ಟಿಲಿಳಿದು ಸಂಪಿಗೆ ರಸ್ತೆಗೆ ಹೋಗಿ ದೋಸೆ ತಿಂದೆ. ಇದನ್ನು ಹೇಳಬೇಕೆಂದುಕೊಂಡಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು. ಮೂರು ಗಂಟೆಗೆ ಹಿಂದಿರುಗಿದಾಗ ಬೆಂಚಿನ ಮೇಲೆ ಯಾರೂ ಇರಲಿಲ್ಲ.

ಎರಡು ವರ್ಷದ ನಂತರ ಪುಸ್ತಕ ಬರೆಯಲು ಕೂತೆ. ಮಾದರಿಗೆಂದು ನಾನೇ ಬರೆದವು ಒಣ ಬೆರಣಿಯಂತಿದ್ದವು. ಅಂಕ ತೋರಿಸಿ ಹಿಂದಕ್ಕೆ ಪಡೆದಿದ್ದ ವಿಶಾಖಾಳ ಹಾಳೆ ಬೀರುವಿನಲ್ಲೇ ಇತ್ತು. 'ನಮ್ಮ ತಾತ ಹೇಳುತ್ತಾರೆ' ಎಂಬುದನ್ನು ಹೊಡೆದುಹಾಕಿ, 'ಸಾಮಾನ್ಯವಾಗಿ ಕಂಡುಬರುವಂತೆ' ಎಂದು ಸೇರಿಸಿದೆ. ಮೂರು ಅಂಕದ ಪ್ಯಾರಾಗ್ರಾಫ್ ಮಾದರಿಯಾಯಿತು. ಅದರ ಕೆಳಗೆ ಯಾರ ಹೆಸರೂ ಇಲ್ಲ. ಪುಸ್ತಕದ ಹೊದಿಕೆಯ ಮೇಲೆ ಮಾತ್ರ ವೆಂಕಟಾಚಲ ಎಂಬ ನನ್ನ ಹೆಸರು ದಪ್ಪಕ್ಷರದಲ್ಲಿದೆ.

ನಾಳೆಯಿಂದ ನನ್ನ ತರಗತಿಗಳನ್ನು ತೆಗೆದುಕೊಳ್ಳುವವರು ಅದೇ ವಿಶಾಖಾ. ಮೂರನೇ ಸಾಲಿನಲ್ಲಿ ಕುಳಿತಿದ್ದಾರೆ. ಹೋದ ವಾರ ಆ ಪುಟ ತೆರೆದು ನನ್ನ ಮೇಜಿನ ಮೇಲಿಟ್ಟರು. "ಸಾರ್, ಮುಂದಿನ ವಾರದಿಂದ ಇದನ್ನ ನಾನು ಪಾಠ ಮಾಡ್ಬೇಕು. ಯಾರು ಹೇಳಿದ್ದು ಅಂತ ಮಕ್ಕಳು ಕೇಳಿದ್ರೆ ಏನು ಹೇಳಲಿ?" ದನಿಯಲ್ಲಿ ಜಗಳವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು, ತಾತ ಹೇಗಿದ್ದಾರೆ ಎಂದೆ. "ತಾತ ಹೋಗಿ ಮೂರು ವರ್ಷ ಆಯ್ತು ಸಾರ್." ನನಗೆ ನಾಚಿಕೆಯಾಯಿತು. ಈಗಲೂ ಆಗುತ್ತಿದೆ.

ಅಧ್ಯಕ್ಷರೇ, ದಯವಿಟ್ಟು ಆ ರಿಬ್ಬನ್ ಬಿಚ್ಚಬೇಡಿ. ಆ ಪುಟ ಸರಿಯಾಗುವವರೆಗೆ ಪುಸ್ತಕ ಹೊರಗೆ ಬರುವುದು ಬೇಡ. ವಿಶಾಖಾ ಅವರೇ, ಮಕ್ಕಳು ಕೇಳಿದರೆ ಹೀಗೆ ಹೇಳಿ. ಇದನ್ನು ಹೇಳಿದ್ದು ಲಕ್ಷ್ಮಯ್ಯ, ಬರೆದದ್ದು ವಿಶಾಖಾ, ಕದ್ದದ್ದು ವೆಂಕಟಾಚಲ. ಇದನ್ನು ನಾನು ಮೊದಲ ವಾಕ್ಯದಲ್ಲೇ ಹೇಳಬೇಕಿತ್ತು.

ಹಾರ ಹಾಕಿದವರಿಗೆ, ಹೊಗಳಿದವರಿಗೆ ನಾನು ಋಣಿ. ನೀವೆಲ್ಲ ಕೂತು ನನ್ನ ಮಾತು ಕೇಳಿದಿರಿ. ಬಾಗಿಲಿಗೆ ಬಂದ ಒಬ್ಬ ಮನುಷ್ಯನಿಗೆ ನಾನು ಅಷ್ಟನ್ನೂ ಮಾಡಲಿಲ್ಲ. ನಿಮಗೆ ವಂದನೆಗಳು. ನಮಸ್ಕಾರ.