ಕಳೆ ಕೀಳುವ ಕೈ

ಚಳಿ ಕಳೆದು ಚಿಗುರು ಕಾಣಿಸಿಕೊಂಡ ವಾರ. ಬೀಜದಂಗಡಿಯ ಸಾಲಿನಲ್ಲಿ ನನ್ನ ಮುಂದೆ ಯಾರೋ ಅಕ್ಕ-ತಂಗಿ ನಿಂತಿದ್ದರು.

“ಮೊನ್ನೆ ಮೊನ್ನೆ ಒಯ್ದಿದ್ದೆಯಲ್ಲೇ, ಮತ್ತೆ ಬೀಜಾನಾ?” ಅಂದಳು ಅಕ್ಕ.

“ಚೆನ್ನಾಗೇ ಮೊಳೆತಿತ್ತು ಕಣಕ್ಕ. ಅತ್ತೆ ಕಳೆ ಅಂದ್ಕೊಂಡು ಎಲ್ಲಾ ಕಿತ್ತುಹಾಕಿದ್ರು. ‘ನಿನ್ನ ಕೆಲಸ ಹಗುರ ಮಾಡಿದೆ’ ಅಂತ ನಗ್ತಾರೆ.”

“ಅಷ್ಟೂ ಗೊತ್ತಾಗಲ್ವಾ?”

“ಈಗೀಗ ನನ್ನನ್ನೇ ಯಾರು ಅಂತ ಕೇಳ್ತಾರೆ. ಔಷಧಿ ಹೊಡೀಬೇಡ, ಕಳೆ ಕೈಯಲ್ಲೇ ಕೀಳು ಅಂತ ಕಲಿಸಿದ್ದೇ ಅವರು.”

“ಬೇಲಿ ಹಾಕ್ಸು.”

“ಹಾಕ್ಸಿದ್ದೆ. ಆಚೆ ನಿಂತು ಮಗು ಥರ ಅತ್ತುಬಿಟ್ರು. ತೆಗೆಸಿದೆ.”

“ಹಾಗಿದ್ರೆ ಮತ್ತೆ ಯಾಕೆ ಬಿತ್ತೋದು? ತಲೆ ಕೆಟ್ಟಿದೆಯಾ ನಿನಗೆ?”

“ಪಾತಿ ಖಾಲಿಯಿದ್ರೆ ಬರೀ ಮಣ್ಣು ಕೆರೀತಾ ಕೂರ್ತಾರೆ. ಕೀಳೋಕೆ ಏನಾದ್ರೂ ಬೇಕಲ್ಲಕ್ಕ.”

ಅಂಗಡಿಯವನು ಕರೆದ. ಯಾವ ಬೀಜ ಎಂದು ಕೇಳಿದ. ತಂಗಿ ಮುಂದೆ ಹೋದಳು.

“ಯಾವುದಾದ್ರೂ ಸರಿ, ಬೇಗ ಮೊಳೆಯೋದು ಕೊಡಿ.”