ಡೈರಿಯಲ್ಲಿ ಹೇಳಿಕೊಟ್ಟ ಪಾಠ

ಕೊಳ್ಳೇಗಾಲದ ಬಸ್ ಸ್ಟ್ಯಾಂಡಲ್ಲಿ ಸತ್ತೇಗಾಲದ ಇಬ್ಬರು ಹೆಂಗಸರು ನನ್ನ ಪಕ್ಕ ಬಂದು ಕೂತರು. ದೊಡ್ಡವರ ಕೈಯಲ್ಲಿ ಒಂದು ಎಟಿಎಂ ಕಾರ್ಡಿತ್ತು.

"ಭಾವನ ಕಾರ್ಡು ಸಿಕ್ತಲ್ಲ ಚನ್ನಾಜಕ್ಕ, ದುಡ್ಡು ತಗೀಬೌದಲ್ಲ?"

"ಪಿನ್ ನಂಬರು ನಂಗೆಲ್ಲಿ ಗೊತ್ತು ಸೌಮ್ಯ?"

"ಭಾವ ಯೇಳಿಲ್ವಾ?"

"ಸಂಘದೋರು, ಡೈರಿಯೋರು ಸೇರ್ಕಂಡು ಮನೆ ದುಡ್ಡಿನ ಕ್ಲಾಸ್ ಮಾಡುಸುದ್ರಲ್ಲ, ಪಾಠ ಮಾಡ್ದೋಳು ನಾನೇ. ಪಿನ್ನ ಯಾರ್ಗೂ ಯೇಳ್ಬ್ಯಾಡಿ, ಎಂಡ್ತಿಗೂ ಯೇಳ್ಬ್ಯಾಡಿ ಅಂದಿದ್ದೆ."

"ಭಾವ ಬಂದಿದ್ರಾ?"

"ಡೈರಿಗೆ ಆಲಾಕ್ಬುಟ್ಟು, ಕ್ಯಾನ್ ಪಕ್ಕಕ್ಕೆ ಮಡಿಕಂಡು ಮುಂದ್ಗಡೆನೇ ಕೂತಿದ್ರು."

"ಬ್ಯಾಂಕಲ್ಲಿ ಕೇಳ್ಬೇಕಾಗಿತ್ತು ಕಣಕ್ಕ."

"ಅವ್ರೇ ಬಂದು ಸೈನ್ ಆಕ್ಬೇಕಂತೆ. ಲಕ್ವ ಒಡ್ದು ಮಾತೇ ಬರ್ದೆ ಮನಗಿರೋರು ಎಂಗ್ ಬಂದಾರು? ನಾಳೆ ಬೆಳಿಗ್ಗೆ ಮೈಸೂರು ಆಸ್ಪತ್ರೇಲಿ ಸ್ಕ್ಯಾನಿಂಗ್‌ಗೆ ದುಡ್ಡು ಕಟ್ಬೇಕು."

"ಎಡಗೈ ಆಡುಸ್ತಾರೆ ಅಂದ್ರಿ. ಬೆಳ್ಳಲ್ಲಾದ್ರೂ ತೋರ್ಸಿ ಅನ್ನಿ."

"ಅಂದೆ. ಮೊದ್ಲು ಮೂರು ಬೆಳ್ಳು ತೋರುಸುದ್ರು. ಆಮೇಲೆ ಒಂದು."

"ಆಮೇಲೆ?"

"ನರ್ಸಮ್ಮ ಬಂದ್ಲು. ಅವ್ಳ ಮೊಕ ನೋಡಿ ಮುಷ್ಟಿ ಮುಚ್ಕಂಡ್ಬುಟ್ರು. ಅವ್ಳು ಓದ್ಮೇಲೂ ಪಕ್ಕದ ಮಂಚದೋರ್ನೇ ನೋಡ್ತಾರೆ, ಕೈ ಬಿಚ್ಚದೇ ಇಲ್ಲ."

"ಯಾರೂ ಇಲ್ದಾಗ ಕೇಳಿ."

"ಅನ್ನೆರಡು ಮಂಚದ ವಾರ್ಡು ಕಣವ್ವ. ಯಾರೂ ಇಲ್ದಿರೋದು ಯಾವಾಗ?"

ಮೈಸೂರು ಬಸ್ಸು ಬಂತು. ಇಬ್ಬರೂ ಎದ್ದರು. ಮೆಟ್ಟಿಲ ಹತ್ತಿರ ಚನ್ನಾಜಮ್ಮ ನಿಂತು, ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿ ಎರಡೂ ಕೈಯಲ್ಲಿ ಅಗಲಿಸಿ ನೋಡಿದರು.

"ಸೌಮ್ಯ, ಅವ್ರ ಕೈ ಸುತ್ತ ಇದ್ನ ಮರೆಯಾಗಿ ಇಡುದ್ರೆ, ಬೆಳ್ಳು ತೋರುಸ್ತಾರಾ?"