ಕಾರಿನ ಚಾವಣಿಯ ಒಂಬತ್ತು ಚುಕ್ಕೆ

ಹಾತ್ ಯಾಯ್ ಪಟ್ಟಣದಲ್ಲಿ ನೆರೆ ಇಳಿದ ಆರನೆಯ ದಿನ ಗ್ಯಾರೇಜಿನ ಮುಂದೆ ನನ್ನ ಸ್ಕೂಟರಿನ ಸರದಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕೆಸರು ಮೆತ್ತಿದ ಹಳೆಯ ಕಾರು. ಅದರ ಒಡತಿ, ಸೊಪ್ಪು ಮಾರುವ ಲಮೈ ಅವರು, ವಿಮೆ ಕಂಪನಿಯಿಂದ ಬಂದ ಯುವಕನ ಜೊತೆ ಮಾತಾಡುತ್ತಿದ್ದರು. ಕೇಳಿಸಿಕೊಂಡದ್ದು ತಪ್ಪೇನೋ, ಒಂದೆರಡು ಪದ ಹೆಚ್ಚುಕಡಿಮೆಯೂ ಆಗಿರಬಹುದು.

“ದೊಡ್ಡಮ್ಮಾ, ನೀರು ಚಾವಣಿ ಮುಟ್ಟಿದೆ. ಇದು ಗುಜರಿಗೇ.”

“ಯಾರು ಹೇಳಿದ್ರು?”

“ಮೇಲೆಲ್ಲಾ ಕೆಸರಿದೆಯಲ್ಲ.”

“ಅದು ನಮ್ಮತ್ತೆ ಹೆಜ್ಜೆ. ಕಾರಿನ ಮೇಲೆ ಹತ್ತಿಸಿ ದೋಣಿಗೆ ಇಳಿಸಿದ್ವಿ. ಐದು ಬೆರಳೂ ಮೂಡಿದಾವೆ, ನೋಡ್ಕೋ.”

“ಒಳಗೂ ತುಂಬಿರತ್ತೆ.”

“ಸೀಟಿನವರೆಗೆ ಬಂತು, ಅಷ್ಟೇ. ಬಗ್ಗಿ ನೋಡು. ಕಾರು ತಂದ ದಿನ ಭಿಕ್ಕುಗಳು ಹರಸಿ ಚಾವಣಿಯ ಒಳಗಡೆ ಇಟ್ಟ ಚುಕ್ಕೆ ಕಾಣ್ತಾ?”

“ಹೂಂ. ಒಂಬತ್ತಿದೆ.”

“ಬರೀ ಬಿಳಿ ಜೇಡಿಮಣ್ಣು. ಒದ್ದೆ ಬೆರಳು ತಾಗಿದ್ರೂ ಅಳಿಸಿಹೋಗತ್ತೆ. ನೀರು ಅಲ್ಲಿವರೆಗೆ ಬಂದಿದ್ರೆ ಒಂದಾದ್ರೂ ಉಳೀತಿತ್ತಾ?”

“ಫಾರಂನಲ್ಲಿ ಚುಕ್ಕೆಗೆ ಜಾಗ ಇಲ್ಲ, ದೊಡ್ಡಮ್ಮ.”

“ಫೋಟೋಗೆ ಇದೆಯಲ್ಲ, ತೆಗಿ. ಇದು ಗುಜರಿಗೆ ಹೋದ್ರೆ ಸೊಪ್ಪನ್ನ ತಲೆ ಮೇಲೆ ಹೊತ್ಕೊಂಡು ಸಂತೆಗೆ ಹೋಗ್ಲಾ?”

“ಮೇಲಿನವರು ಒಪ್ಪದಿದ್ರೆ?”

“ಅವರನ್ನೂ ಕರ್ಕೊಂಡು ಬಾ. ಒಳಗೆ ಕಾರು ಕಾಯೋ ದೇವಿ ತಾಯಿ ಕೂತಿದ್ದಾಳೆ, ಚಪ್ಪಲಿ ಬಿಟ್ಟು ಬರಲಿ.”

“ನಿಮ್ಮತ್ತೆ ಮಾತ್ರ ಅವಳ ತಲೆ ಮೇಲೇ ಹತ್ತಬಹುದಾ?”

“ಅವರು ಚಪ್ಪಲಿ ಬಿಟ್ಟೇ ಹತ್ತಿದ್ದು.”

ಯುವಕ ಶೂ ಕಳಚಿ ಒಳಗೆ ತೂರಿ, ಫೋಟೋ ತೆಗೆದ. ಹೊರಗೆ ಬಂದು ಫಾರಂನಲ್ಲಿ ನೀರು ಬಂದ ಮಟ್ಟ ‘ಚಾವಣಿ’ ಎಂದಿದ್ದನ್ನು ಹೊಡೆದುಹಾಕಿ ‘ಸೀಟು’ ಎಂದು ಬರೆದ. ಲಮೈ ಅದನ್ನು ಎರಡು ಸಲ ಓದಿ, ಮೆಕ್ಯಾನಿಕ್ಕನ್ನು ಕೂಗುತ್ತಾ ಒಳಗೆ ನಡೆದರು. ಯುವಕ ಶೂ ಕೈಯಲ್ಲೇ ಹಿಡಿದು ಹಿಂಬಾಲಿಸಿದ.